ಎದೆ ಹೊಡೆದುಕೊಳ್ಳಲಿ ಬಿಡಿ: ಗುರಿ ಹೊಡೆಯುವ ಆಟದ ಮಜಾ ಎಲ್ಲಿದೆ?



ಈ ವಾರ ಕೊಲೆಸ್ಟರಾಲ್ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಅದನ್ನು ಮುಂದಿನ ವಾರಕ್ಕೆ ತಳ್ಳಿದ್ದೇನೆ, ಕ್ಷಮೆ ಇರಲಿ. ಹೋದ ಭಾನುವಾರ ಬಂದ ಒಂದು ಫೋನ್ ಕರೆಯ ವಿಷಯ ಮೊದಲು ನಿಮಗೆ ಹೇಳಬೇಕು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇನೆ.

ಧಾರವಾಡದ ಕಡೆಯ ಕುಟುಂಬ, ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಮಗಳಿಗೆ ಹದಿನೈದು. ಎರಡು ವರ್ಷದಿಂದ ಏರ್ ಪಿಸ್ತೂಲ್ ಶೂಟಿಂಗ್ ಕಲಿಯುತ್ತಿದ್ದಾಳೆ. ಅಂದು ಅವಳದೊಂದು ಸ್ಪರ್ಧೆ ಇತ್ತು. ಮಧ್ಯಾಹ್ನ ತಾಯಿಯ ಫೋನ್ ಬಂತು.

"ಡಾಕ್ಟರ್ರ, ಅಕಿಗೆ ಉಸಿರಾಡಾಕ ಭಾಳ ತ್ರಾಸ್ ಆಗಾಕತ್ತೈತಿ. ತೆಲಿ ತಿರಗತೈತಿ ಅಂತಾಳ್ರೀ."

ಏನಾದರೂ ಗುಳಿಗೆ ಕೊಟ್ಟಿದ್ದಿರಾ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಒಂದ್ ಗುಳಿಗಿ ಕೊಟ್ಟಿದ್ವಿರಿ. ಅವರ ಅಜ್ಜಿದು. ಮ್ಯಾಚಿನ್ಯಾಗ ಎದಿ ಭಾಳ ಹೊಡಕೋತೈತಿ ಅಂತಿದ್ಲು, ಅದಕ್ಕ."

ಅಜ್ಜಿಗೆ ಕೈನಡುಕಕ್ಕೆಂದು ಬೇರೆ ವೈದ್ಯರು ಕೊಟ್ಟಿದ್ದ ಪ್ರೊಪ್ರನೊಲಾಲ್ ಅದು. ಹುಡುಗಿಗೆ ಚಿಕ್ಕಂದಿನಿಂದಲೂ ಸಣ್ಣಗೆ ದಮ್ಮು ಇದೆ, ಚಳಿಗಾಲದಲ್ಲಿ ಇನ್‌ಹೇಲರ್ ಬೇಕಾಗುತ್ತದೆ. ಪ್ರೊಪ್ರನೊಲಾಲ್ ಹೃದಯದ ವೇಗ ತಗ್ಗಿಸುವುದರ ಜೊತೆಗೆ, ದಮ್ಮು ಇರುವವರಲ್ಲಿ ಶ್ವಾಸನಾಳಗಳನ್ನು ಬಿಗಿ ಮಾಡಬಲ್ಲದು. ಆಸ್ಪತ್ರೆಗೆ ಕರೆತರಲು ಹೇಳಿದೆ. ನೆಬುಲೈಸರ್ ಕೊಟ್ಟು, ರಾತ್ರಿಯವರೆಗೆ ಮಾನಿಟರ್ ಹಾಕಿ ನೋಡಿಕೊಂಡು ಮನೆಗೆ ಕಳಿಸಿದೆವು. ಅದೃಷ್ಟ ಚೆನ್ನಾಗಿತ್ತು.

ಗುಳಿಗೆಯ ಸಲಹೆ ಕೊಟ್ಟವರು ಯಾರು ಎಂದು ತಂದೆಯನ್ನು ಕೇಳಿದೆ. ಮೊಬೈಲ್ ತೆಗೆದು ತೋರಿಸಿದರು. ಫಾರ್ವರ್ಡ್ ಆಗಿ ಬಂದ ಮೆಸೇಜ್. ಪರೀಕ್ಷೆ, ಇಂಟರ್‌ವ್ಯೂ, ಸ್ಪರ್ಧೆಗಳಿಗೆ ಮುನ್ನ ಎದೆಬಡಿತ ಕಡಿಮೆ ಮಾಡುವ "ಸರಳ ಉಪಾಯ". ನೀವು ಈಗ ಓದುತ್ತಿರುವುದೂ ಹಾಗೆ ಬಂದದ್ದೇ ಅಲ್ಲವೇ? ಆದ್ದರಿಂದಲೇ ಇದನ್ನು ಬರೆಯುವುದು ನನ್ನ ಕರ್ತವ್ಯವೂ ಆಯಿತು.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಆ ಮೆಸೇಜ್ ಅಲ್ಲ, ರಾತ್ರಿ ಹೊರಡುವಾಗ ಹುಡುಗಿ ಹೇಳಿದ ಮಾತು. "ಗುಳಿಗಿ ತೊಗೊಂಡ ಮ್ಯಾಲ ಎದಿ ಸುಮ್ನಾತ್ರಿ ಡಾಕ್ಟರ್. ಆದ್ರ ಮಜಾನ ಬರಲಿಲ್ಲ."

ಗುರಿ ಹೊಡೆಯುವುದರಲ್ಲಿ ಮಜಾ ಇದೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಊರ ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಯ ಮುಂದೆ ನಿಂತವರು, ಚೆನ್ನೈನ ಮರೀನಾದಲ್ಲೋ ಮುಂಬೈಯ ಜುಹೂವಿನಲ್ಲೋ ಮಕ್ಕಳ ನೆಪದಲ್ಲಿ ತಾವೂ ಬಂದೂಕು ಹಿಡಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಕೊಡಗಿನವರಿಗಂತೂ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವ ಸಂಭ್ರಮ ಅವರಲ್ಲಿ ತಲೆಮಾರುಗಳಿಂದ ಬಂದಿದೆ. ಆದರೆ ಈ ಮಜಾಕ್ಕೂ ಎದೆ ಹೊಡೆದುಕೊಳ್ಳುವುದಕ್ಕೂ ಏನು ಸಂಬಂಧ? ಹೃದಯದ ಡಾಕ್ಟರ್ ಆಗಿ ಇದನ್ನು ತಿಳಿಯದೆ ಬಿಡುವುದು ಸರಿಯಲ್ಲ ಅನಿಸಿತು. ಬುಧವಾರ ಸಂಜೆ ಒಪಿಡಿ ಮುಗಿಸಿ ಅವಳು ಕಲಿಯುವ ರೇಂಜ್‌ಗೆ ಹೋದೆ.

ಗಲಾಟೆ ಇರುತ್ತದೆ ಎಂದುಕೊಂಡಿದ್ದೆ. ಲೈಬ್ರರಿಯಂತೆ ಇತ್ತು. ಸಾಲಾಗಿ ನಿಂತ ಹತ್ತು ಹನ್ನೆರಡು ಜನ, ಒಬ್ಬರೂ ಮಾತಾಡುತ್ತಿಲ್ಲ. ಆಗಾಗ "ಟಪ್" ಎಂಬ ಸಣ್ಣ ಸದ್ದು. ಹತ್ತು ಮೀಟರ್ ದೂರದಲ್ಲಿ ಗುರಿ. ಪಿಸ್ತೂಲ್ ಆಟದಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ., ಅಂದರೆ ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು. ರೈಫಲ್‌ನಲ್ಲಿ ಹತ್ತು ಅಂಕ ಎಂದರೆ ಬರೀ ಅರ್ಧ ಮಿ.ಮೀ. ಚುಕ್ಕಿ, ಒಂದು ಸಕ್ಕರೆ ಹರಳು ಅನ್ನಿ. ಹಾರುವ ಗುಂಡೇ 4.5 ಮಿ.ಮೀ. ಇದೆ, ಗುರಿಗಿಂತ ದಪ್ಪ!

ಕೋಚ್ ನನಗೂ ಒಂದು ಪಿಸ್ತೂಲ್ ಕೊಟ್ಟರು. ಮೊದಲು ಗುಂಡಿಲ್ಲದೆ, ಖಾಲಿ ಗೋಡೆಯ ಕಡೆ. ಹೃದಯದ ರಕ್ತನಾಳದಲ್ಲಿ ಕೂದಲೆಳೆಯಂಥ ತಂತಿ ತೂರಿಸುವ ಕೈ ನನ್ನದು, ನಡುಗುವುದಿಲ್ಲ ಎಂಬ ಸಣ್ಣ ಅಹಂಕಾರ ಇತ್ತು. ಅದು ಅರ್ಧ ನಿಮಿಷದಲ್ಲಿ ಇಳಿಯಿತು. ಒಂದು ಲೀಟರ್ ನೀರಿನ ಬಾಟಲಿಯನ್ನು ಒಂದೇ ಕೈಯಲ್ಲಿ, ತೋಳು ಚಾಚಿ ಹಿಡಿದು ತುದಿಯನ್ನು ನೋಡಿ, ನಿಮಗೂ ಗೊತ್ತಾಗುತ್ತದೆ. ತುದಿ ಎಂಟರ ಆಕಾರದಲ್ಲಿ ತಿರುಗುತ್ತಲೇ ಇರುತ್ತದೆ. ನಿಲ್ಲಿಸಬೇಕೆಂದು ಬಿಗಿ ಹಿಡಿದಷ್ಟೂ ಹೆಚ್ಚಾಗುತ್ತದೆ. ಗುಂಡು ಹಾಕಿ ಹೊಡೆದಾಗ ನನ್ನ ಮೊದಲ ಅಂಕ ನಾಲ್ಕು. ಪಕ್ಕದ ಲೇನ್‌ನಲ್ಲಿ ಏಳನೇ ಕ್ಲಾಸಿನ ಹುಡುಗ ನಗು ತಡೆದುಕೊಂಡ.

"ನಡುಗುತ್ತೆ ಸರ್, ಎಲ್ಲರಿಗೂ ನಡುಗುತ್ತೆ," ಎಂದರು ಕೋಚ್, ಹಿಂದಿಯಲ್ಲಿ. ಒಲಿಂಪಿಕ್ ಆಟಗಾರರಿಗೂ. ನಡುಕವನ್ನು ಚಿಕ್ಕದು ಮಾಡಬಹುದು, ತೆಗೆದುಹಾಕಲು ಆಗುವುದಿಲ್ಲ.

ಯಾಕೆ ಆಗುವುದಿಲ್ಲ ಎಂಬುದನ್ನು ನಾನು ಹೇಳಬಲ್ಲೆ, ಅದು ನನ್ನ ಇಲಾಖೆ. ನೀವು ಎಷ್ಟೇ ಅಲ್ಲಾಡದೆ ನಿಂತರೂ ನಿಮ್ಮೊಳಗೆ ಒಂದು ಪಂಪ್ ನಡೆಯುತ್ತಿದೆ. ಪ್ರತಿ ಬಡಿತಕ್ಕೂ ಸುಮಾರು 70 ಮಿ.ಲೀ. ರಕ್ತ ರಭಸದಿಂದ ಹೊರಬೀಳುತ್ತದೆ, ಆ ತಳ್ಳಾಟಕ್ಕೆ ಇಡೀ ದೇಹ ಸೂಕ್ಷ್ಮವಾಗಿ ಅದುರುತ್ತದೆ. ನಂಬಿಕೆ ಬರದಿದ್ದರೆ ಮುಳ್ಳು ಇರುವ ಹಳೆಯ ತೂಕದ ಯಂತ್ರದ ಮೇಲೆ ಉಸಿರು ಹಿಡಿದು ನಿಂತು ನೋಡಿ. ಮುಳ್ಳು ನಿಮ್ಮ ನಾಡಿಯ ಲೆಕ್ಕಕ್ಕೆ ಸಣ್ಣಗೆ ಕುಣಿಯುತ್ತದೆ. ಮಲಗಿ ರೈಫಲ್ ಹೊಡೆಯುವವರಿಗಂತೂ ತೋಳಿಗೆ ಕಟ್ಟಿದ ಪಟ್ಟಿಯ ಮೂಲಕ ತಮ್ಮದೇ ನಾಡಿ ಬಂದೂಕಿಗೆ ತಲುಪುವುದು ಕಾಣಿಸುತ್ತದೆ. ಅವರು ದಪ್ಪ ಜಾಕೆಟ್ ತೊಡುವುದಕ್ಕೆ ಅದೂ ಒಂದು ಕಾರಣ.

ಒಂದು ಲೆಕ್ಕ ಹಾಕೋಣ. ಹತ್ತು ಮೀಟರ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 75 ನಿಮಿಷಗಳಲ್ಲಿ 60 ಗುಂಡು. ನಿಮಿಷಕ್ಕೆ 70ರಂತೆ ಬಡಿದರೂ ಅಷ್ಟು ಹೊತ್ತಿನಲ್ಲಿ ಹೃದಯ 5,250 ಸಲ ಬಡಿಯುತ್ತದೆ. ಎರಡು ಬಡಿತಗಳ ನಡುವೆ ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಮಯ. ಗಾಬರಿಯಿಂದ ನಾಡಿ 120ಕ್ಕೆ ಏರಿದರೆ ಅದು ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಹೀಗೆ ವೇಗ ಏರಿದಾಗ ಹೃದಯ ಕುಗ್ಗುವ ಸಮಯ ಅಷ್ಟಾಗಿ ಕಡಿಮೆಯಾಗುವುದಿಲ್ಲ, ಹೆಚ್ಚು ಕಳೆದುಹೋಗುವುದು ಅದು ಸಡಿಲವಾಗಿ ವಿಶ್ರಾಂತಿ ಪಡೆಯುವ ಸಮಯ. ಶೂಟರ್‌ಗೆ ಬೇಕಿರುವುದೂ ಅದೇ ವಿರಾಮ.

ಹಾಗಾದರೆ ಏನು ಮಾಡುತ್ತಾರೆ? ಉಸಿರನ್ನು ನಿಧಾನವಾಗಿ ಬಿಡುತ್ತಾರೆ. ಉಸಿರು ಹೊರಹೋಗುವಾಗ ನಾಡಿ ತಾನಾಗಿಯೇ ಸ್ವಲ್ಪ ತಗ್ಗುತ್ತದೆ, ನಿಮ್ಮ ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿದರೂ ತಿಳಿಯಬಹುದು, ಚಿಕ್ಕ ಮಕ್ಕಳಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಉಸಿರು ಬಿಟ್ಟು ಮತ್ತೆ ಎಳೆದುಕೊಳ್ಳುವ ಮುನ್ನ ಕೆಲವು ಸೆಕೆಂಡುಗಳ ಸಹಜ ಬಿಡುವು ಇರುತ್ತದೆ, ಆಗ ಟ್ರಿಗರ್ ಮೇಲಿನ ಒತ್ತಡವನ್ನು ಮೆಲ್ಲಗೆ ಏರಿಸುತ್ತಾ ಹೋಗುತ್ತಾರೆ. ಗುಂಡು ಯಾವ ಕ್ಷಣ ಹಾರಿತು ಎಂಬುದು ಹೊಡೆದವರಿಗೇ ಸ್ವಲ್ಪ ಅನಿರೀಕ್ಷಿತವಾಗಿರಬೇಕಂತೆ. ನುರಿತ ರೈಫಲ್ ಶೂಟರ್‌ಗಳಲ್ಲಿ ಗುಂಡು ಹಾರುವ ಮುಂಚಿನ ಕೆಲವು ಕ್ಷಣ ನಾಡಿ ಇಳಿಯುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಗುಳಿಗೆ ಇಲ್ಲದೆ, ಗಮನದಿಂದಲೇ.

ನಮ್ಮ ಹುಡುಗಿ ಇದನ್ನೇ ತನ್ನ ಮಾತಿನಲ್ಲಿ ಹೇಳಿದಳು. "ಎದಿ ಹೊಡಕೋತಿದ್ರ ಅದನ್ನ ಕೇಳ್ಕೋತ ನಿಲ್ಲಬೇಕ್ರಿ, ಸಣ್ಣ ಆಗೂತನಕ. ಆಗ್ಲಿಲ್ಲಂದ್ರ ಪಿಸ್ತೂಲ್ ಕೆಳಗ ಇಳಸಬೇಕು."

ಈ ಕೆಳಗಿಳಿಸುವುದು ನನಗೆ ಅತ್ಯಂತ ಇಷ್ಟವಾದ ಭಾಗ. ಗುರಿ ಹಿಡಿದು ಏಳೆಂಟು ಸೆಕೆಂಡಾಯಿತು, ಮನಸ್ಸಿಗೆ ಸರಿ ಬರಲಿಲ್ಲ, ಕಣ್ಣು ಮಂಜಾಗುತ್ತಿದೆ. ಹೊಡೆದೇ ಬಿಡೋಣ ಎಂದು ಬೆರಳು ತುರಿಸುತ್ತದೆ. ಒಳ್ಳೆಯ ಶೂಟರ್ ಕೈ ಇಳಿಸುತ್ತಾನೆ. ಉಸಿರು ಎಳೆದುಕೊಂಡು ಮೊದಲಿನಿಂದ ಶುರು. ಆ ಸಂಜೆ ನಾನು ಇಪ್ಪತ್ತು ಗುಂಡು ಹೊಡೆದೆ, ಒಂದೇ ಒಂದು ಒಂಬತ್ತು ಬಂತು. ಅದು ನಾನು ಎರಡು ಸಲ ಕೈ ಇಳಿಸಿ ಮೂರನೇ ಸಲ ಹೊಡೆದದ್ದು. ಆ ಒಂಬತ್ತರ ಖುಷಿ ಮನೆಗೆ ಹೋಗುವವರೆಗೂ ಇತ್ತು. ಮುಕ್ಕಾಲು ಗಂಟೆ ಮೊಬೈಲ್ ನೆನಪೇ ಆಗಿರಲಿಲ್ಲ ಎಂಬುದು ಮನೆ ತಲುಪಿದ ಮೇಲೆ ಹೊಳೆಯಿತು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಜನ ಈ ಆಟಕ್ಕೆ ಒಲಿಯುವುದು ಬಂದೂಕಿನ ಗತ್ತಿಗಲ್ಲ. ಹಾಗೆ ಬಂದವರು ಮೂರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ ಎಂದು ಕೋಚ್ ಹೇಳುತ್ತಾರೆ. ಉಳಿಯುವವರು ತಮ್ಮದೇ ದೇಹದ ಜೊತೆ ಆಡುವುದಕ್ಕೆ ಉಳಿಯುತ್ತಾರೆ. ಎದುರಾಳಿ ನಿಮ್ಮನ್ನು ಮುಟ್ಟುವುದಿಲ್ಲ, ಅಂಪೈರ್ ಮೋಸ ಮಾಡಿದ ಎನ್ನುವಂತಿಲ್ಲ, ಮಳೆಯೂ ಇಲ್ಲ. ಪರದೆಯ ಮೇಲೆ ಬಂದ ಅಂಕ ನಿಮ್ಮದೇ. ಬಡಿಯುವ ಎದೆಯೇ ಇಲ್ಲಿ ಎದುರಾಳಿ. ಗುಳಿಗೆ ನುಂಗಿ ಅದನ್ನು ಸುಮ್ಮನಾಗಿಸಿದರೆ ಆಡುವುದು ಯಾರ ಜೊತೆ? ಮಜಾ ಬರಲಿಲ್ಲ ಎಂದು ಹುಡುಗಿ ಹೇಳಿದ್ದು ಸುಮ್ಮನೆ ಅಲ್ಲ.

ವಯಸ್ಸು, ಗಾತ್ರ ಇಲ್ಲಿ ಅಡ್ಡಿಯಾಗುವುದಿಲ್ಲ ಎಂಬುದು ಇನ್ನೊಂದು ಆಕರ್ಷಣೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸಾದಾ ಟೀ ಶರ್ಟ್ ತೊಟ್ಟು, ಒಂದು ಕೈ ಜೇಬಿನಲ್ಲಿಟ್ಟು ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್ ಅವರ ಫೋಟೊ ನಿಮ್ಮ ಮೊಬೈಲ್‌ಗೂ ಬಂದಿರಬೇಕು. ಅವರಿಗೆ ಆಗ 51. ಜೇಬಿನಲ್ಲಿ ಕೈ ಇಟ್ಟದ್ದು ಸ್ಟೈಲ್ ಎಂದುಕೊಂಡವರೇ ಹೆಚ್ಚು. ಪಿಸ್ತೂಲ್ ಆಟದಲ್ಲಿ ಬಿಡುವಾದ ತೋಳು ಅಲ್ಲಾಡದಿರಲಿ ಎಂದು ಎಲ್ಲರೂ ಅದನ್ನು ಜೇಬಿಗೋ ಸೊಂಟಕ್ಕೋ ಸಿಕ್ಕಿಸುತ್ತಾರೆ. ಅದೇ ಮಿಶ್ರ ತಂಡ ಸ್ಪರ್ಧೆಯಲ್ಲಿ ನಮ್ಮ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಕಂಚು ಗೆದ್ದರು. ಜಾರ್ಜಿಯಾದ ನಿನೊ ಸಲುಕ್ವಾಡ್ಜೆ 1988ರಿಂದ ಪ್ಯಾರಿಸ್‌ವರೆಗೆ ಹತ್ತು ಒಲಿಂಪಿಕ್ಸ್ ಆಡಿದ್ದಾರೆ, 2016ರಲ್ಲಿ ಮಗನ ಜೊತೆಗೇ ಸ್ಪರ್ಧಿಸಿದರು. ಅಷ್ಟು ದೂರ ಯಾಕೆ, ದೆಹಲಿಯಲ್ಲಿರುವ ನಮ್ಮವರಿಗೆ ಬಾಗ್‌ಪತ್ ಹತ್ತಿರವೇ. ಅಲ್ಲಿನ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಮೊಮ್ಮಗಳನ್ನು ರೇಂಜ್‌ಗೆ ಕರೆದೊಯ್ದು, ಅರವತ್ತು ದಾಟಿದ ಮೇಲೆ ತಾವೇ ಪಿಸ್ತೂಲ್ ಹಿಡಿದವರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಬೆಲ್ಸ್ ಪಾಲ್ಸಿಯಿಂದ ಮುಖದ ಒಂದು ಭಾಗ ಸೋತುಹೋಗಿತ್ತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲ್ ಬೆಳ್ಳಿ ತಂದರು.

ಪರಊರಿನಲ್ಲಿರುವ ನಮ್ಮ ಮಕ್ಕಳಿಗೆ ಇದರಲ್ಲಿ ಇನ್ನೊಂದು ಸುಖವೂ ಇದೆ ಎಂದು ನನಗನಿಸುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಗೇಟಿನ ಹೊರಗೆ ಮರಾಠಿಯೋ ತಮಿಳೋ ತೆಲುಗೋ. ದಿನವಿಡೀ ಭಾಷೆ ಬದಲಿಸುತ್ತಾ ಓಡಾಡುವ ಮಗುವಿಗೆ ಮಾತೇ ಬೇಡದ ಒಂದು ಗಂಟೆ ಸಿಗುತ್ತದೆ. ಪುಣೆಯ ಬಾಲೇವಾಡಿ, ಮುಂಬೈಯ ವರ್ಲಿ, ದೆಹಲಿಯ ಕರ್ಣಿ ಸಿಂಗ್ ರೇಂಜ್, ಹೈದರಾಬಾದ್‌ನ ಗಚ್ಚಿಬೌಲಿ ಹೀಗೆ ನಾವಿರುವ ಊರುಗಳಲ್ಲೇ ರೇಂಜ್‌ಗಳಿವೆ. ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಗೆ ಅಂಟಿಕೊಂಡ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು, ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ಸ್ಪರ್ಧೆಯ ರೈಫಲ್, ಪಿಸ್ತೂಲ್‌ಗಳ ಬೆಲೆ ಲಕ್ಷದ ಲೆಕ್ಕದಲ್ಲಿರುತ್ತದೆ, ಮೊದಲ ವರ್ಷವೇ ಕೊಳ್ಳಲು ಹೋಗಬೇಡಿ. ಕ್ಲಬ್ಬಿನದನ್ನೇ ಬಳಸಲಿ.

ಇನ್ನು ಗುಳಿಗೆಯ ವಿಷಯ. ಬೀಟಾ ಬ್ಲಾಕರ್ ಎಂಬ ಗುಂಪಿನ ಔಷಧಿಗಳು, ಅಂದರೆ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದವು, ಶೂಟಿಂಗ್ ಮತ್ತು ಬಿಲ್ಲುಗಾರಿಕೆಯಲ್ಲಿ ನಿಷಿದ್ಧ. ಸ್ಪರ್ಧೆಯ ದಿನ ಮಾತ್ರವಲ್ಲ, ಬೇರೆ ದಿನವೂ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಸು ಪಿಸ್ತೂಲ್‌ನಲ್ಲಿ ಒಂದು ಬೆಳ್ಳಿ, ಒಂದು ಕಂಚು ಗೆದ್ದಿದ್ದರು. ಪರೀಕ್ಷೆಯಲ್ಲಿ ಪ್ರೊಪ್ರನೊಲಾಲ್ ಸಿಕ್ಕಿತು, ಎರಡೂ ಪದಕ ವಾಪಸ್ ಹೋದವು. ಅದೇ ಕೂಟದಲ್ಲೇ ಅಭಿನವ್ ಬಿಂದ್ರಾ ಕೊನೆಯ ಗುಂಡಿನಲ್ಲಿ 10.8 ಹೊಡೆದು ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದದ್ದು. ಆ ಕ್ಷಣ ಬಿಂದ್ರಾ ಎದೆ ಬಡಿದುಕೊಳ್ಳುತ್ತಿರಲಿಲ್ಲ ಎಂದುಕೊಂಡಿದ್ದೀರಾ?

ಪದಕದ ಮಾತು ಹಾಗಿರಲಿ. ದಮ್ಮು ಇರುವವರಿಗೆ, ನಾಡಿ ಮೊದಲೇ ನಿಧಾನ ಇರುವವರಿಗೆ ಈ ಗುಳಿಗೆ ಅಪಾಯ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿದಾಗ ಆಗುವ ಎದೆಬಡಿತದ ಎಚ್ಚರಿಕೆಯನ್ನೂ ಅದು ಮುಚ್ಚಿಡಬಹುದು.

*ಆದರೆ ದಯವಿಟ್ಟು ಇದನ್ನು ತಪ್ಪು ತಿಳಿಯಬೇಡಿ: ನಿಮ್ಮ ವೈದ್ಯರು ನಿಮಗೇ ಬೀಟಾ ಬ್ಲಾಕರ್ ಬರೆದುಕೊಟ್ಟಿದ್ದರೆ ಈ ಲೇಖನ ಓದಿ ನಿಲ್ಲಿಸಬೇಡಿ.* ಥಟ್ಟನೆ ನಿಲ್ಲಿಸಿದರೆ ಬಿಪಿ, ನಾಡಿ ಒಮ್ಮೆಲೇ ಏರಿ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು. ಹವ್ಯಾಸಕ್ಕೆ ಶೂಟಿಂಗ್ ಮಾಡುವವರು ತಮ್ಮ ಗುಳಿಗೆ ತೆಗೆದುಕೊಂಡೇ ಮಾಡಲಿ, ಯಾರ ತಕರಾರೂ ಇಲ್ಲ. ಅಧಿಕೃತ ಸ್ಪರ್ಧೆಗೆ ಇಳಿಯುವವರು ಮೊದಲೇ ಕೋಚ್‌ಗೆ, ವೈದ್ಯರಿಗೆ ತಿಳಿಸಿ. ಚಿಕಿತ್ಸೆಗಾಗಿ ವಿನಾಯಿತಿ ಕೇಳುವ ದಾರಿ ಇದೆ, ನಮ್ಮ ದೇಶದಲ್ಲಿ ಅದನ್ನು ನಾಡಾ ಸಂಸ್ಥೆ ನೋಡಿಕೊಳ್ಳುತ್ತದೆ. ಪೇಸ್‌ಮೇಕರ್ ಇರುವವರು ಭುಜಕ್ಕೆ ಒತ್ತಿ ಹೊಡೆಯುವ ದೊಡ್ಡ ಬಂದೂಕುಗಳನ್ನು ಆ ಬದಿಗೆ ಇಟ್ಟುಕೊಳ್ಳಬಾರದು, ಹಿನ್ನೂಕುವ ಪೆಟ್ಟಿಗೆ ತಂತಿ ಹಾಳಾಗಬಹುದು.

ಮಕ್ಕಳಲ್ಲಿ ಸ್ಪರ್ಧೆಗೆ ಮುಂಚೆ ಎದೆ ಹೊಡೆದುಕೊಳ್ಳುವುದು ರೋಗವಲ್ಲ. ಅಡ್ರಿನಲಿನ್ ತನ್ನ ಕೆಲಸ ಮಾಡುತ್ತಿದೆ ಅಷ್ಟೇ. ನಾನು ಗಾಬರಿಯಾಗುವುದು ಬೇರೆ ಲಕ್ಷಣಗಳಿಗೆ. ಓಡುವಾಗ ಆಡುವಾಗ ಪ್ರಜ್ಞೆ ತಪ್ಪಿ ಬಿದ್ದರೆ, ಸುಮ್ಮನೆ ಕುಳಿತಾಗಲೂ ಸ್ವಿಚ್ ಹಾಕಿದಂತೆ ಒಮ್ಮೆಲೇ ಬಡಿತ ಏರಿ ಒಮ್ಮೆಲೇ ನಿಂತರೆ, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ, ಆಗ ಇಸಿಜಿ, ಎಕೋ ಮಾಡಿಸಲೇಬೇಕು.

ಉಳಿದ ಜಾಗ್ರತೆಗಳು ಹೆಚ್ಚಿಲ್ಲ. ಗುಂಡು ಸೀಸದ್ದು, ಆದ್ದರಿಂದ ರೇಂಜ್‌ನಲ್ಲಿ ತಿನ್ನಬಾರದು, ಹೊರಬಂದ ಕೂಡಲೇ ಸೋಪಿನಿಂದ ಕೈ ತೊಳೆಯಬೇಕು, ಗುಂಡನ್ನು ಬಾಯಲ್ಲಿ ಕಚ್ಚಿಟ್ಟುಕೊಳ್ಳುವ ಕೆಟ್ಟ ಚಾಳಿ ಕೆಲವು ಮಕ್ಕಳಿಗಿದೆ, ಬಿಡಿಸಿ. ಏರ್ ಗನ್ ಆಟಿಕೆಯಲ್ಲ, ಕಣ್ಣು ಕಳೆಯುತ್ತದೆ. ಮನೆಯಲ್ಲಿ ಇಡುವುದಾದರೆ ಬೀಗದೊಳಗೆ. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದ್ದರೆ ಯಾವ ಬಂದೂಕೂ ಮನೆಯಲ್ಲಿ ಬೇಡ. ಮತ್ತೆ, ನಿಂತು ಗುರಿ ಹೊಡೆಯುವುದು ವಾಕಿಂಗ್‌ಗೆ ಬದಲಿಯಲ್ಲ. ವಾರಕ್ಕೆ 150 ನಿಮಿಷದ ನಡಿಗೆಯ ಲೆಕ್ಕವನ್ನು ನಾನು ಯಾರಿಗೂ ಬಿಟ್ಟಿಲ್ಲ, ಶೂಟರ್‌ಗಳಿಗೂ ಬಿಡುವುದಿಲ್ಲ.

ತಂದೆ ತಾಯಿಗೆ ಒಂದು ಮಾತು, ಸ್ವಲ್ಪ ಖಾರ ಅನಿಸಿದರೆ ಬೇಸರ ಬೇಡ. ಗುಳಿಗೆ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿಯಿಂದಲೇ ಕೊಟ್ಟರು. ಆದರೆ ಕೇಳುತ್ತಾ ಹೋದಾಗ ಗೊತ್ತಾಯಿತು, ಆ ಮಗು ಸ್ಪರ್ಧೆ ಮುಗಿಸಿ ಕಾರಿಗೆ ಹತ್ತಿದ ಕೂಡಲೇ ಬರುವ ಮೊದಲ ಪ್ರಶ್ನೆ "ಎಷ್ಟ್ ಬಂತು?" ಕ್ರೀಡಾ ಕೋಟಾದಲ್ಲಿ ಒಳ್ಳೆಯ ಕಾಲೇಜು ಸಿಗುತ್ತದೆ ಎಂಬ ಲೆಕ್ಕ ಮನೆಯಲ್ಲಿ ಆಗಲೇ ಶುರುವಾಗಿತ್ತು. ಹದಿನೈದರ ಹುಡುಗಿಯ ಎದೆ 130ಕ್ಕೆ ಏರಿದ್ದು ಅಂಗಿ ಗುಂಡಿಯಷ್ಟು ವೃತ್ತವನ್ನು ನೋಡಿ ಅಲ್ಲ ಎಂದು ನನ್ನ ಅನುಮಾನ. ಇದನ್ನು ಅವರಿಗೂ ಹೇಳಿದೆ. ತಂದೆ ತಲೆ ತಗ್ಗಿಸಿದರು, ತಾಯಿ ಮಗಳ ಕಡೆ ನೋಡಿದರು.

ಹುಡುಗಿ ಈಗ ಆರಾಮಾಗಿದ್ದಾಳೆ. ಇನ್‌ಹೇಲರ್ ಬಳಸುವ ಕ್ರಮವನ್ನು ಮತ್ತೊಮ್ಮೆ ಹೇಳಿಕೊಟ್ಟಿದ್ದೇನೆ. ಎರಡು ವಾರ ಬಿಟ್ಟು ಮತ್ತೆ ರೇಂಜ್‌ಗೆ ಹೋಗಬಹುದು. ಅಜ್ಜಿ ತಮ್ಮ ಗುಳಿಗೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಾರಂತೆ.

ಆ "ಸರಳ ಉಪಾಯ"ದ ಮೆಸೇಜ್ ನಿಮ್ಮ ಗುಂಪಿಗೂ ಬಂದಿದ್ದರೆ, ಅದರ ಕೆಳಗೇ ಇದನ್ನು ಹಾಕಿ.